ಬಿರುಗಾಳಿಗಿಂತ ಮೊದಲೇ ಮೆಸೇಜ್ ಕಳಿಸಿದ ಕ್ಯಾಪ್ಟನ್

ಚಾರ್ಲ್ಸ್ ಡಾರ್ವಿನ್ ಯಾರು ಅಂತ ಕೇಳಿದರೆ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅವನು ಹೋದ ಹಡಗಿನ ಹೆಸರು ಬೀಗಲ್ ಅಂತ ಅರ್ಧ ಜನಕ್ಕಾದರೂ ಗೊತ್ತಿರುತ್ತದೆ. ಆದರೆ ಆ ಹಡಗನ್ನು ಸುಮಾರು ಐದು ವರ್ಷ ನಡೆಸಿ, ಡಾರ್ವಿನ್‌ನನ್ನು ಜೀವಸಹಿತ ವಾಪಸ್ ಊರಿಗೆ ತಂದ ಕ್ಯಾಪ್ಟನ್ ಯಾರು ಅಂದ್ರೆ ನಾವೆಲ್ಲ ಫೋನ್ ತೆಗೆದು ಹುಡುಕಬೇಕು. ಅವನ ಹೆಸರು ರಾಬರ್ಟ್ ಫಿಟ್ಜ್‌ರಾಯ್. ತಮಾಷೆ ಏನಂದ್ರೆ, ಹಾಗೆ ಹುಡುಕುವಾಗ ಅದೇ ಫೋನಿನ ಮೇಲ್ಗಡೆ ಒಂದು ಮಳೆ ಅಲರ್ಟ್ ಬಂದು ಕೂತಿದ್ದರೆ, ನಾವು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತೇವೆ. ಆ ಅಲರ್ಟಿಗೂ ಈ ಕ್ಯಾಪ್ಟನ್ನಿಗೂ ನೇರ ಸಂಬಂಧ ಇದೆ. ಅಪಾಯ ಬರುವ ಮುಂಚೆ, ಅದು ಬರುವ ಜಾಗದ ಜನಕ್ಕೆ, ತಂತಿಯ ಮೂಲಕ ಸುದ್ದಿ ಮುಟ್ಟಿಸುವ ಕೆಲಸವನ್ನು ಒಂದು ಸರ್ಕಾರಿ ಆಫೀಸಿನ ದಿನನಿತ್ಯದ ಕೆಲಸ ಮಾಡಿದ ಮೊದಲಿಗರಲ್ಲಿ ಅವನು ಒಬ್ಬ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ. ದೊಡ್ಡ ಮನೆತನ. ತಂದೆ ಕಡೆಯಿಂದ ನೋಡಿದರೆ ರಾಜ ಎರಡನೇ ಚಾರ್ಲ್ಸ್‌ನ ವಂಶ. ತಾಯಿ ಅವನು ಚಿಕ್ಕವನಿರುವಾಗಲೇ ತೀರಿಕೊಂಡಳು. ಹನ್ನೆರಡನೇ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜಿಗೆ ಸೇರಿದ. 1824ರಲ್ಲಿ ಲೆಫ್ಟಿನೆಂಟ್ ಪರೀಕ್ಷೆ ಬರೆದು ಪೂರ್ತಿ ಅಂಕ ತೆಗೆದ. ಆ ಪರೀಕ್ಷೆಯಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಪೂರ್ತಿ ತೆಗೆದಿರಲಿಲ್ಲವಂತೆ. ಇಂಟರ್ನಲ್ಸ್‌ನಲ್ಲಿ ಪಾಸಾದರೆ ಸಾಕು ಅನ್ನುವ ನಮ್ಮಂಥವರಿಗೆ ಈ ಸಾಲು ಸ್ವಲ್ಪ ಕಷ್ಟವೇ.

ಇದರ ಮಧ್ಯೆ 1822ರಲ್ಲಿ ಒಂದು ಘಟನೆ ನಡೆದಿತ್ತು. ಅವನ ಸೋದರಮಾವ ಲಾರ್ಡ್ ಕ್ಯಾಸಲ್ರೇ ಬ್ರಿಟನ್ನಿನ ವಿದೇಶಾಂಗ ಮಂತ್ರಿ. ಕೆಲಸದ ಒತ್ತಡದಲ್ಲಿ ಮನಸ್ಸು ಕೆಟ್ಟು ಅವನು ಆತ್ಮಹತ್ಯೆ ಮಾಡಿಕೊಂಡ. ಈ ಕಾಯಿಲೆ ತನ್ನ ರಕ್ತದಲ್ಲೂ ಇರಬಹುದಾ ಅನ್ನೋ ಭಯ ಫಿಟ್ಜ್‌ರಾಯ್‌ನನ್ನು ಕೊನೆವರೆಗೂ ಬಿಡಲಿಲ್ಲ.

1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಸರ್ವೆ ಮಾಡುತ್ತಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್, ಆ ಚಳಿ, ಆ ಕತ್ತಲು, ಆ ಒಂಟಿತನ ತಡೆಯಲಾಗದೆ ತನ್ನ ಜೀವ ತಾನೇ ತೆಗೆದುಕೊಂಡ. ಆ ಖಾಲಿ ಜಾಗಕ್ಕೆ ಬಂದವನು ಫಿಟ್ಜ್‌ರಾಯ್. ವಯಸ್ಸು 23. ನಮಗಿಂತ ನಾಲ್ಕೇ ವರ್ಷ ದೊಡ್ಡವನು.

ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. 1829ರ ಜನವರಿ ಕೊನೆಯಲ್ಲಿ ಉರುಗ್ವೆ ತೀರದ ಹತ್ತಿರ ಹಡಗು ಹೋಗುತ್ತಿತ್ತು. ಆ ಭಾಗದಲ್ಲಿ ಪಾಂಪೇರೋ ಅಂತ ಒಂದು ಗಾಳಿ ಇದೆ. ಒಳನಾಡಿನ ಹುಲ್ಲುಗಾವಲಿನ ಕಡೆಯಿಂದ ಇದ್ದಕ್ಕಿದ್ದ ಹಾಗೆ ನುಗ್ಗುತ್ತದೆ. ಅವತ್ತು ಬ್ಯಾರೋಮೀಟರ್ ಇಳಿಯುತ್ತಾ ಇತ್ತು. ಬ್ಯಾರೋಮೀಟರ್ ಅಂದ್ರೆ ಅದೇ, ಗಾಜಿನ ಕೊಳವೆಯೊಳಗೆ ಪಾದರಸ ಇರುವ ವಾಯುಭಾರಮಾಪಕ. ಗಾಳಿಯ ಒತ್ತಡ ಕಡಿಮೆಯಾದರೆ ಪಾದರಸ ಇಳಿಯುತ್ತದೆ, ಬೇಗಬೇಗ ಇಳಿದರೆ ಬಿರುಗಾಳಿ ಹತ್ತಿರ ಇದೆ ಅಂತ ಅರ್ಥ. ಗುರುತು ಕಣ್ಣ ಮುಂದೆಯೇ ಇತ್ತು. ಹೊಸ ಕ್ಯಾಪ್ಟನ್ ಅದಕ್ಕೆ ಸಾಕಷ್ಟು ಬೆಲೆ ಕೊಡಲಿಲ್ಲ. ಹಾಯಿ ಇಳಿಸುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಹಡಗು ಪೂರ್ತಿ ಪಕ್ಕಕ್ಕೆ ಮಲಗಿತು, ಪಟಸ್ತಂಭಗಳು ಮುರಿದವು, ಇಬ್ಬರು ನಾವಿಕರು ನೀರುಪಾಲಾದರು. ಆ ಎರಡು ಸಾವಿಗೆ ತಾನೇ ಕಾರಣ ಅಂತ ಫಿಟ್ಜ್‌ರಾಯ್ ಮನಸ್ಸಿನಲ್ಲಿ ಇಟ್ಟುಕೊಂಡ. ಮುಂದಿನ ಮೂವತ್ತೈದು ವರ್ಷ ಅವನು ಮಾಡಿದ್ದನ್ನೆಲ್ಲ ಆ ಮಧ್ಯಾಹ್ನದಿಂದಲೇ ಓದಬೇಕು ಅಂತ ನಮಗೆ ಅನ್ನಿಸುತ್ತದೆ. ಎಚ್ಚರಿಕೆ ಇದ್ದೂ ಕೇಳದೆ ಹೋದರೆ ಏನಾಗುತ್ತದೆ ಅಂತ ಅವನು ಪುಸ್ತಕದಲ್ಲಿ ಓದಿ ಕಲಿತವನಲ್ಲ.

ಬೀಗಲ್‌ನ ಎರಡನೇ ಪ್ರಯಾಣ ಎಲ್ಲರಿಗೂ ಗೊತ್ತಿರುವ ಕತೆ. 1831ರ ಡಿಸೆಂಬರ್ 27ರಂದು ಹೊರಟು 1836ರ ಅಕ್ಟೋಬರ್ 2ರಂದು ವಾಪಸ್. ಒಂಟಿತನಕ್ಕೆ ಹೆದರಿದ ಫಿಟ್ಜ್‌ರಾಯ್ ಜೊತೆಗೆ ಮಾತಾಡಲು, ಊಟಕ್ಕೆ ಕೂರಲು ಒಬ್ಬ ಓದಿದ ಹುಡುಗ ಬೇಕು ಅಂತ ಕೇಳಿದ್ದಕ್ಕೇ 22 ವರ್ಷದ ಡಾರ್ವಿನ್‌ಗೆ ಆ ಸೀಟು ಸಿಕ್ಕಿದ್ದು. ಇಬ್ಬರೂ ಸ್ನೇಹಿತರು, ಇಬ್ಬರೂ ಜಗಳಗಂಟರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ವಿಷಯಕ್ಕೆ ಜೋರು ಜಗಳ ಆಯಿತು, ಅದರಲ್ಲಿ ನಮ್ಮ ಓಟು ಡಾರ್ವಿನ್‌ಗೇ. ಹಾಗೇ, ಟಿಯೆರಾ ಡೆಲ್ ಫುಯೆಗೋದ ನಾಲ್ಕು ಜನರನ್ನು ಮೊದಲ ಪ್ರಯಾಣದಲ್ಲಿ ಇಂಗ್ಲೆಂಡಿಗೆ ಹೊತ್ತುಕೊಂಡು ಬಂದು ನಾಗರಿಕರನ್ನಾಗಿ ಮಾಡುತ್ತೇನೆ ಅಂತ ಹೊರಟಿದ್ದನ್ನು ಒಳ್ಳೆಯದು ಅಂತ ಹೇಳೋಕೆ ಆಗಲ್ಲ. ಅವರಲ್ಲಿ ಒಬ್ಬ ಸಿಡುಬು ಬಂದು ಅಲ್ಲೇ ಸತ್ತ. ಉಳಿದ ಮೂವರನ್ನು ಎರಡನೇ ಪ್ರಯಾಣದಲ್ಲಿ ವಾಪಸ್ ಬಿಟ್ಟುಬಂದ.

ನಮಗೆ, ಅಂದ್ರೆ ಎಂಜಿನಿಯರಿಂಗ್ ಓದುವವರಿಗೆ, ಆ ಹಡಗಿನ ಉಪಕರಣಗಳ ಪಟ್ಟಿ ಇನ್ನೂ ಇಂಟರೆಸ್ಟಿಂಗ್. ರೇಖಾಂಶ ಅಳೆಯಲು 22 ಕ್ರೊನೋಮೀಟರ್‌ಗಳು. ವಿಲಿಯಂ ಸ್ನೋ ಹ್ಯಾರಿಸ್ ಮಾಡಿದ ಹೊಸ ನಮೂನೆಯ ಮಿಂಚುವಾಹಕ. ಗಾಳಿಯ ಬಲವನ್ನು ಅಂಕಿಯಲ್ಲಿ ಬರೆಯುವ ಬ್ಯೂಫೋರ್ಟ್ ಮಾಪಕವನ್ನು ಅಧಿಕೃತವಾಗಿ ಮೊದಲು ಬಳಸಿದ್ದೂ ಈ ಪ್ರಯಾಣದಲ್ಲೇ. ಗಾಳಿ ಜೋರಾಗಿತ್ತು ಅಂತ ಬರೆದರೆ ಇನ್ನೊಬ್ಬರಿಗೆ ಏನೂ ಗೊತ್ತಾಗಲ್ಲ. ಗಾಳಿ 9 ಅಂತ ಬರೆದರೆ ಇಬ್ಬರು ಕ್ಯಾಪ್ಟನ್‌ಗಳ ಡೈರಿಯನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಇವತ್ತು ನಾವು ಡೇಟಾ ಅನ್ನೋದೂ ಇದನ್ನೇ.

ವಾಪಸ್ ಬಂದ ಮೇಲಿನ ಹದಿನೈದಿಪ್ಪತ್ತು ವರ್ಷ ಬೇಗ ಹೇಳಿ ಮುಗಿಸುತ್ತೇವೆ. ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. 1841ರಲ್ಲಿ ಪಾರ್ಲಿಮೆಂಟಿಗೆ ಆರಿಸಿಬಂದ. 1843ರಲ್ಲಿ ನ್ಯೂಜಿಲೆಂಡಿಗೆ ಗವರ್ನರ್ ಆಗಿ ಹೋದ. ಅವನು ಹೋಗುವ ಮುಂಚೆ ವೈರಾವ್ ಅನ್ನೋ ಕಡೆ ಜಮೀನಿನ ವಿಷಯಕ್ಕೆ ವಲಸಿಗರಿಗೂ ಮಾವೋರಿಗಳಿಗೂ ಹೊಡೆದಾಟ ಆಗಿ ವಲಸಿಗರು ಸತ್ತಿದ್ದರು. ತಪ್ಪು ಮೊದಲು ಮಾಡಿದ್ದು ವಲಸಿಗರೇ ಅಂತ ಫಿಟ್ಜ್‌ರಾಯ್ ತೀರ್ಮಾನ ಕೊಟ್ಟ. ಅವನ ಜನವೇ ಅವನ ಮೇಲೆ ತಿರುಗಿಬಿದ್ದರು. ಖಜಾನೆಯಲ್ಲೂ ದುಡ್ಡಿರಲಿಲ್ಲ. 1845ರಲ್ಲಿ ಲಂಡನ್ ಅವನನ್ನು ವಾಪಸ್ ಕರೆಸಿಕೊಂಡಿತು. ಜನಕ್ಕೆ ಇಷ್ಟವಾಗದ ಮಾತನ್ನು ಹೇಳಿ ಏಟು ತಿನ್ನೋದು ಅವನಿಗೆ ಅಲ್ಲಿಂದಲೇ ಶುರು.

1854ರಲ್ಲಿ ಬ್ರಿಟಿಷ್ ಸರ್ಕಾರದ ಬೋರ್ಡ್ ಆಫ್ ಟ್ರೇಡ್ ಒಂದು ಚಿಕ್ಕ ಹವಾಮಾನ ವಿಭಾಗ ತೆರೆದು ಅವನನ್ನು ಮುಖ್ಯಸ್ಥ ಮಾಡಿತು. ಇವತ್ತು ಮೆಟ್ ಆಫೀಸ್ ಅಂತ ಕರೆಯುವ ದೊಡ್ಡ ಸಂಸ್ಥೆ ಶುರುವಾಗಿದ್ದು ಅವನು ಮತ್ತು ಬೆರಳೆಣಿಕೆಯ ಗುಮಾಸ್ತರಿಂದ. ಕೊಟ್ಟ ಕೆಲಸವೂ ಸಣ್ಣದು: ಅಂಕಿಅಂಶ ಸೇರಿಸೋದು, ಅಷ್ಟೇ. ಬಂದರುಗಳಲ್ಲಿ ಏಜೆಂಟರು ಇರುತ್ತಿದ್ದರು. ಯಾವ ಕ್ಯಾಪ್ಟನ್ ಒಪ್ಪಿಕೊಳ್ಳುತ್ತಾನೋ ಅವನಿಗೆ ಸರಿಯಾಗಿ ಪರೀಕ್ಷೆ ಮಾಡಿದ ಬ್ಯಾರೋಮೀಟರ್, ಥರ್ಮಾಮೀಟರ್ ಎಲ್ಲ ಎರವಲು ಕೊಡೋದು. ಬದಲಿಗೆ ಅವನು ಪ್ರಯಾಣ ಪೂರ್ತಿ ಗಾಳಿ, ಒತ್ತಡ, ಉಷ್ಣಾಂಶ ಬರೆದು ತಂದುಕೊಡಬೇಕು. ಯಾರ ಮೇಲೂ ಒತ್ತಾಯ ಇಲ್ಲ. ಸೈನ್ ಅಪ್ ಮಾಡಿದವರಿಗೆ ಉಪಕರಣ, ಮಾಡದವರಿಗೆ ಇಲ್ಲ.

ಇದರ ಜೊತೆಗೆ ಫಿಟ್ಜ್‌ರಾಯ್ ಇನ್ನೊಂದು ಕೆಲಸ ಹಚ್ಚಿಕೊಂಡ. ದೊಡ್ಡ ಹಡಗಿನವರಿಗೆ ಉಪಕರಣ ಸಿಗುತ್ತದೆ, ಚಿಕ್ಕ ದೋಣಿಯಲ್ಲಿ ಮೀನಿಗೆ ಹೋಗುವವನಿಗೆ? ಅವನ ಹತ್ತಿರ ಬ್ಯಾರೋಮೀಟರ್ ಕೊಳ್ಳುವಷ್ಟು ದುಡ್ಡೂ ಇಲ್ಲ, ನೋಡಿ ಅರ್ಥ ಮಾಡಿಕೊಳ್ಳುವ ಅಭ್ಯಾಸವೂ ಇಲ್ಲ. ಅದಕ್ಕೆ ಗಟ್ಟಿಮುಟ್ಟಾದ, ದೂರದಿಂದಲೂ ಓದಲು ಬರುವ ಒಂದು ಬ್ಯಾರೋಮೀಟರ್ ರೂಪಿಸಿ, ಬಡ ಮೀನುಗಾರರ ಊರುಗಳ ದಡದಲ್ಲಿ ಎಲ್ಲರೂ ನೋಡುವ ಹಾಗೆ ಹಾಕಿಸಿದ. ಏರಿದರೆ ಏನು, ಇಳಿದರೆ ಏನು ಅಂತ ಸರಳವಾದ ಸೂಚನೆಗಳನ್ನೂ ಬರೆದ. ಅವುಗಳಲ್ಲಿ ಕೆಲವು ಇನ್ನೂ ಬ್ರಿಟನ್ನಿನ ಹಳೇ ಬಂದರುಗಳ ಗೋಡೆಯಲ್ಲಿ ಇವೆ.

ಆಮೇಲೆ 1859ರ ಅಕ್ಟೋಬರ್ ಬಂತು. ರಾಯಲ್ ಚಾರ್ಟರ್ ಅನ್ನೋ ಹಡಗು ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಬರುತ್ತಿತ್ತು. ಚಿನ್ನದ ಗಣಿಯಲ್ಲಿ ದುಡಿದು ಊರಿಗೆ ವಾಪಸಾಗುತ್ತಿದ್ದ ಜನ, ಹೆಂಗಸರು ಮಕ್ಕಳು, ಪೆಟ್ಟಿಗೆಯಲ್ಲಿ ಚಿನ್ನ. ಭೂಮಿಯ ಅರ್ಧ ಸುತ್ತು ದಾಟಿ ಬಂದ ಹಡಗು, ಊರು ಇನ್ನೇನು ಒಂದು ದಿನದ ದಾರಿ. ಅಕ್ಟೋಬರ್ 25ರ ರಾತ್ರಿ ಬಿರುಗಾಳಿ ಎದ್ದಿತು. 26ರ ಬೆಳಿಗ್ಗೆ ವೇಲ್ಸ್‌ನ ಆಂಗಲ್ಸಿ ದ್ವೀಪದ ಮೊಯೆಲ್ಫ್ರೆ ಹಳ್ಳಿ ಹತ್ತಿರ ಬಂಡೆಗೆ ಬಡಿದು ಎರಡು ಹೋಳಾಯಿತು. ಸುಮಾರು 450 ಜನ ಸತ್ತರು. ಬದುಕಿದವರು ನಲವತ್ತು ಜನದಷ್ಟು, ಅದರಲ್ಲಿ ಒಬ್ಬ ಹೆಂಗಸೂ ಇಲ್ಲ, ಒಂದು ಮಗುವೂ ಇಲ್ಲ. ಅದೇ ಬಿರುಗಾಳಿಯಲ್ಲಿ ಬ್ರಿಟನ್ ಸುತ್ತಮುತ್ತ ಒಟ್ಟು 133 ಹಡಗುಗಳು ಮುಳುಗಿದವು, ಸತ್ತವರು ಸುಮಾರು 800.

ಫಿಟ್ಜ್‌ರಾಯ್ ಬೇರೆ ಬೇರೆ ಕಡೆ ಆ ಎರಡು ದಿನ ಬರೆದಿಟ್ಟಿದ್ದ ರೀಡಿಂಗುಗಳನ್ನೆಲ್ಲ ತರಿಸಿಕೊಂಡು ನಕ್ಷೆಗಳ ಮೇಲೆ ಗುರುತು ಹಾಕಿದ. ಗಂಟೆ ಗಂಟೆಗೂ ಗಾಳಿ ಎಲ್ಲಿತ್ತು, ಒತ್ತಡ ಎಲ್ಲಿ ಎಷ್ಟು ಇಳಿದಿತ್ತು. ನೋಡಿದರೆ, ಆ ಬಿರುಗಾಳಿ ಆಕಾಶದಿಂದ ದಿಢೀರ್ ಅಂತ ಬಿದ್ದಿದ್ದಲ್ಲ. ದಕ್ಷಿಣದ ಕಡೆಯಿಂದ ದಾರಿ ಹಿಡಿದು ನಡೆದುಬಂದಿತ್ತು. ಮೊದಲು ಹೊಡೆತ ತಿಂದ ಊರಿಗೂ ಮೊಯೆಲ್ಫ್ರೆಗೂ ನಡುವೆ ಎಷ್ಟೋ ಗಂಟೆ ಅಂತರ ಇತ್ತು. ಆ ಮೊದಲನೇ ಊರಲ್ಲಿ ಟೆಲಿಗ್ರಾಫ್ ಆಫೀಸು ಇತ್ತು.

ಇಡೀ ವಿಷಯದ ತಿರುಳು ಇಷ್ಟೇ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಸರಿಯುವ ಬಿರುಗಾಳಿ 500 ಕಿಲೋಮೀಟರ್ ದಾಟಲು ಹತ್ತು ಗಂಟೆ ಬೇಕು. ತಂತಿಯಲ್ಲಿ ಅದೇ ದೂರಕ್ಕೆ ಸುದ್ದಿ ಹೋಗಲು ಕೆಲವು ನಿಮಿಷ. ಆ ಹತ್ತು ಗಂಟೆ ಹಡಗಿನವನ ಕೈಗೆ ಸಿಕ್ಕರೆ ಅವನು ಬಂದರು ಬಿಡೋದೇ ಇಲ್ಲ. ಇವತ್ತಿನ ಎಲ್ಲ ಅಲರ್ಟುಗಳ ಲೆಕ್ಕವೂ ಇದೇ. ಭೂಕಂಪದ ಅಲರ್ಟಿನಲ್ಲಿ ಅದು ಸೆಕೆಂಡುಗಳು, ಪ್ರವಾಹದಲ್ಲಿ ಗಂಟೆಗಳು, ಚಂಡಮಾರುತದಲ್ಲಿ ದಿನಗಳು.

ಸರ್ಕಾರ ಒಪ್ಪಿತು. ಬ್ರಿಟನ್ ಮತ್ತು ಐರ್ಲೆಂಡ್ ತೀರದ ಸುಮಾರು ಹದಿನೈದು ಕೇಂದ್ರಗಳಿಂದ ಪ್ರತಿದಿನ ಬೆಳಿಗ್ಗೆ ಲಂಡನ್‌ಗೆ ಟೆಲಿಗ್ರಾಂ ಬರಲು ಶುರುವಾಯಿತು. ಫಿಟ್ಜ್‌ರಾಯ್ ಅದನ್ನೆಲ್ಲ ನೋಡಿ, ಯಾವ ತೀರಕ್ಕೆ ಅಪಾಯ ಅನ್ನಿಸುತ್ತದೋ ಆ ತೀರದ ಬಂದರುಗಳಿಗೆ ಮಾತ್ರ ವಾಪಸ್ ಟೆಲಿಗ್ರಾಂ ಕಳಿಸುತ್ತಿದ್ದ. ಅಲ್ಲಿ ಎತ್ತರದ ಕಂಬದ ಮೇಲೆ ಗುರುತು ಏರಿಸುತ್ತಿದ್ದರು. ಕ್ಯಾನ್ವಾಸ್ ಬಟ್ಟೆಯ, ಕಪ್ಪು ಬಣ್ಣದ ಶಂಕು ಮತ್ತು ಡ್ರಮ್ಮು. ಶಂಕುವಿನ ತುದಿ ಮೇಲಕ್ಕಿದ್ದರೆ ಉತ್ತರದಿಂದ ಬಿರುಗಾಳಿ, ಕೆಳಕ್ಕಿದ್ದರೆ ದಕ್ಷಿಣದಿಂದ. ಡ್ರಮ್ಮು ಮಾತ್ರ ಇದ್ದರೆ ಒಂದಾದ ಮೇಲೊಂದು ಬೇರೆ ಬೇರೆ ದಿಕ್ಕಿನಿಂದ. ಎರಡೂ ಒಟ್ಟಿಗೆ ಇದ್ದರೆ ಸಿಕ್ಕಾಪಟ್ಟೆ ಜೋರು. ರಾತ್ರಿ ಹೊತ್ತು ಲಾಟೀನುಗಳನ್ನು ತ್ರಿಕೋನವಾಗಿ, ಚೌಕವಾಗಿ ಕಟ್ಟಿ ಅದನ್ನೇ ಹೇಳುತ್ತಿದ್ದರು. ಬಣ್ಣ ಯಾಕಿಲ್ಲ ಅಂದ್ರೆ ಮೋಡ ಕವಿದ ದಿನ ದೂರದಿಂದ ಬಣ್ಣ ಕಾಣಲ್ಲ, ಆಕಾರ ಕಾಣುತ್ತದೆ. ಓದು ಬಾರದವನಿಗೂ ಅರ್ಥವಾಗುತ್ತದೆ. ಇಷ್ಟು ಚೆನ್ನಾಗಿರುವ ಯೂಸರ್ ಇಂಟರ್‌ಫೇಸ್ ನಮ್ಮ ಮಿನಿ ಪ್ರಾಜೆಕ್ಟುಗಳಲ್ಲಿ ನಾವು ಇನ್ನೂ ನೋಡಿಲ್ಲ.

1861ರ ಫೆಬ್ರವರಿ ಮೊದಲ ವಾರದಲ್ಲಿ ಮೊದಲ ಎಚ್ಚರಿಕೆ ಹೊರಟಿತು. ಅದೇ ಫೆಬ್ರವರಿ 9ರಂದು ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ಭಯಂಕರ ಬಿರುಗಾಳಿ. ವಿಟ್ಬಿ ಅನ್ನೋ ಊರಿನ ರಕ್ಷಣಾ ದೋಣಿಯವರು ಒಂದೇ ದಿನ ಮತ್ತೆ ಮತ್ತೆ ಸಮುದ್ರಕ್ಕೆ ಇಳಿದು ಮುಳುಗುತ್ತಿದ್ದ ಹಡಗುಗಳಿಂದ ಜನರನ್ನು ತಂದರು. ಕೊನೆಗೆ ಅವರ ದೋಣಿಯೇ ಮಗುಚಿ 13 ಜನರಲ್ಲಿ 12 ಜನ ಸತ್ತರು. ಬದುಕಿದ ಒಬ್ಬನೇ ಒಬ್ಬ ಹೆನ್ರಿ ಫ್ರೀಮನ್. ಅವನೊಬ್ಬನೇ ಆಗಷ್ಟೇ ಬಂದಿದ್ದ ಹೊಸ ನಮೂನೆಯ ಬೆಂಡಿನ ಜಾಕೆಟ್ ಹಾಕಿಕೊಂಡಿದ್ದ.

ಅದೇ ವರ್ಷ ಫಿಟ್ಜ್‌ರಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಟೆಲಿಗ್ರಾಂಗಳು ಹೇಗೂ ಪ್ರತಿದಿನ ಬರುತ್ತವೆ, ಬಿರುಗಾಳಿ ಇಲ್ಲದ ದಿನ ನಾಳಿನ ಹವೆ ಹೇಗಿರುತ್ತದೆ ಅಂತಲೂ ಹೇಳಬಹುದಲ್ವಾ? 1861ರ ಆಗಸ್ಟ್ 1ರ ಟೈಮ್ಸ್ ಪತ್ರಿಕೆಯಲ್ಲಿ ಸಾರ್ವಜನಿಕರಿಗೆ ಮೊದಲ ಹವಾಮಾನ ಮುನ್ಸೂಚನೆ ಅಚ್ಚಾಯಿತು. ಉತ್ತರ, ಪಶ್ಚಿಮ, ದಕ್ಷಿಣ ಅಂತ ಮೂರು ಭಾಗ, ಮೂರೂ ಕಡೆ ಹವೆ ಚೆನ್ನಾಗಿರುತ್ತದೆ ಅಂತ. ಜ್ಯೋತಿಷ್ಯ, ಭವಿಷ್ಯವಾಣಿ ಅನ್ನೋ ವಾಸನೆ ಬರಬಾರದು ಅಂತ ಅವನು ಇದಕ್ಕೆ ಫೋರ್‌ಕಾಸ್ಟ್ ಅನ್ನೋ ಪದ ಆರಿಸಿಕೊಂಡ. ಇವತ್ತು ಇಡೀ ಪ್ರಪಂಚ ಅದೇ ಪದ ಬಳಸುತ್ತಿದೆ.

ಜನಕ್ಕೆ ಹುಚ್ಚು ಹಿಡಿಯಿತು. ಕುದುರೆ ರೇಸಿಗೆ ಹೋಗುವವರು, ಪಿಕ್ನಿಕ್ ಹೋಗುವವರು ಎಲ್ಲರೂ ನೋಡತೊಡಗಿದರು. ರಾಣಿ ವಿಕ್ಟೋರಿಯಾ ಸಮುದ್ರ ದಾಟುವ ಮುಂಚೆ ಇವನ ಮನೆಗೇ ಆಳು ಕಳಿಸಿ ವಿಚಾರಿಸುತ್ತಿದ್ದಳು. ಆದರೆ ನೋಡುವವರು ಜಾಸ್ತಿಯಾದಷ್ಟೂ ತಪ್ಪು ಲೆಕ್ಕ ಇಡುವವರೂ ಜಾಸ್ತಿಯಾದರು. ಅಟ್ಲಾಂಟಿಕ್ ಕಡೆಯಿಂದ ಬರುವ ಹವೆ ಅದು, ಆ ಕಡೆ ಸಮುದ್ರದಲ್ಲಿ ಒಂದೂ ಟೆಲಿಗ್ರಾಫ್ ಕೇಂದ್ರ ಇಲ್ಲ. ಸ್ಯಾಟಲೈಟ್ ಇಲ್ಲ, ಕಂಪ್ಯೂಟರ್ ಇಲ್ಲ. ಇರುವುದು ಹದಿನೈದು ಚುಕ್ಕೆ ಮತ್ತು ಒಬ್ಬ ಹಳೇ ನಾವಿಕನ ಅನುಭವ. ತಪ್ಪಾಗದೆ ಇರುತ್ತದಾ? ತಪ್ಪಾದ ದಿನ ಪತ್ರಿಕೆಗಳು ನಕ್ಕವು, ಮುನ್ಸೂಚನೆ ಹಾಕುತ್ತಿದ್ದ ಟೈಮ್ಸ್ ಕೂಡ ಚುಚ್ಚಿತು. ವಿಜ್ಞಾನಿಗಳು ಇದಕ್ಕೆ ಸಿದ್ಧಾಂತ ಎಲ್ಲಿದೆ ಅಂತ ಕೇಳಿದರು. ಪಾರ್ಲಿಮೆಂಟಿನಲ್ಲಿ ಟೆಲಿಗ್ರಾಂ ಖರ್ಚಿನ ಲೆಕ್ಕ ಕೇಳಿದರು.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಮೀನುಗಾರಿಕೆ ದೋಣಿಗಳ ಮಾಲೀಕರಿಗೆ. ಕಂಬದ ಮೇಲೆ ಡ್ರಮ್ಮು ಏರಿದರೆ ದೋಣಿಯವರು ಹೊರಡಲ್ಲ, ಹೊರಡದಿದ್ದರೆ ಅವತ್ತಿನ ಸಂಪಾದನೆ ಇಲ್ಲ. ಗಾಳಿ ಬರದೆ ಹೋದರೆ ಒಂದು ದಿನ ದಂಡ. ಫಿಟ್ಜ್‌ರಾಯ್ ಮತ್ತೆ ಮತ್ತೆ ಹೇಳುತ್ತಿದ್ದಿದ್ದು ಒಂದೇ: ಇದು ಆಜ್ಞೆ ಅಲ್ಲ, ಹುಷಾರು ಅನ್ನೋ ಸೂಚನೆ ಮಾತ್ರ, ಹೋಗೋದು ಬಿಡೋದು ಕ್ಯಾಪ್ಟನ್‌ಗೆ ಬಿಟ್ಟಿದ್ದು. ಮಾಲೀಕರು ಮಾತ್ರ ದಡದ ಮೇಲೆ ಇರುವವರು.

ಮಷೀನ್ ಲರ್ನಿಂಗ್ ಓದುವ ಸೀನಿಯರ್‌ಗಳು ಫಾಲ್ಸ್ ಪಾಸಿಟಿವ್, ಫಾಲ್ಸ್ ನೆಗೆಟಿವ್ ಅಂತ ಹೇಳ್ತಾರಲ್ಲ, ಅದೇ ಜಗಳ ಇದು. ಸುಳ್ಳು ಎಚ್ಚರಿಕೆ ಕೊಟ್ಟರೆ ಎಲ್ಲರೂ ಕಣ್ಣಾರೆ ನೋಡುತ್ತಾರೆ. ಎಚ್ಚರಿಕೆ ಕೇಳಿ ದಡದಲ್ಲೇ ಉಳಿದು ಬದುಕಿದವನನ್ನು ಯಾರೂ ಎಣಿಸಲ್ಲ, ಯಾಕಂದ್ರೆ ಅವನಿಗೆ ಏನೂ ಆಗಿಲ್ಲ, ಅವನು ಮನೆಯಲ್ಲಿ ಊಟ ಮಾಡುತ್ತಿರುತ್ತಾನೆ. ಫಿಟ್ಜ್‌ರಾಯ್ ತೀರಾ ಅಂಟಿಸಿಕೊಳ್ಳುವ ಸ್ವಭಾವದವನು. ಪತ್ರಿಕೆಯ ಪ್ರತಿ ಟೀಕೆಗೂ ಉತ್ತರ ಬರೆಯಲು ಕೂರುತ್ತಿದ್ದ. 1863ರಲ್ಲಿ ತನ್ನ ವಿಧಾನ ವಿವರಿಸಿ ಒಂದು ದಪ್ಪ ಪುಸ್ತಕವನ್ನೇ ಬರೆದ. ವೈಸ್ ಅಡ್ಮಿರಲ್ ಪದವಿ ಬಂತು, ಆದರೆ ಕಿವಿ ಮಂದವಾಗುತ್ತಾ ಬಂತು, ನಿದ್ದೆ ಹೋಯಿತು, ಆರೋಗ್ಯ ಕೆಟ್ಟಿತು. 1865ರ ಏಪ್ರಿಲ್ 30, ಭಾನುವಾರ ಬೆಳಿಗ್ಗೆ, ಲಂಡನ್ ಹೊರವಲಯದ ಅಪ್ಪರ್ ನಾರ್‌ವುಡ್‌ನ ತನ್ನ ಮನೆಯಲ್ಲಿ, ಮಗಳಿಗೆ ಮುತ್ತು ಕೊಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಜೀವನಪೂರ್ತಿ ಹೆದರಿದ್ದು ಅವತ್ತು ಆಯಿತು. ವಯಸ್ಸು 59.

ಸತ್ತ ಮೇಲೆ ನೋಡಿದರೆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ದೊಡ್ಡ ಮನೆತನದ ಆಸ್ತಿಯನ್ನೆಲ್ಲ ಅವನು ಸರ್ಕಾರಿ ಕೆಲಸಕ್ಕೆ ಕೈಯಿಂದ ಹಾಕಿ ಖರ್ಚು ಮಾಡಿಬಿಟ್ಟಿದ್ದ. ಬೀಗಲ್ ಸರ್ವೆಗೆ ಇನ್ನೊಂದು ಹಡಗು ಬೇಕು ಅಂತ ಸ್ವಂತ ದುಡ್ಡಲ್ಲಿ ಕೊಂಡು, ನೌಕಾ ಇಲಾಖೆ ಅದನ್ನು ಭರಿಸಲು ಒಪ್ಪದೆ ಮಾರಬೇಕಾಗಿ ಬಂದಿತ್ತು. ಅಂಥವು ಎಷ್ಟೋ. ಸ್ನೇಹಿತರು ಕುಟುಂಬಕ್ಕಾಗಿ ಚಂದಾ ಎತ್ತಿದರು, ಡಾರ್ವಿನ್ 100 ಪೌಂಡ್ ಕೊಟ್ಟ. ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಹೆಂಡತಿ ಮಕ್ಕಳಿಗೆ ಇರಲು ಜಾಗ ಕೊಟ್ಟಳು.

ಇಲಾಖೆಯ ಕೆಲಸ ಪರಿಶೀಲಿಸಲು ಒಂದು ಸಮಿತಿ ಕೂತಿತು. ಅದರ ಅಧ್ಯಕ್ಷ ಫ್ರಾನ್ಸಿಸ್ ಗಾಲ್ಟನ್, ಡಾರ್ವಿನ್‌ನ ಸಂಬಂಧಿ. ಸ್ಟಾಟಿಸ್ಟಿಕ್ಸ್‌ನಲ್ಲಿ ರಿಗ್ರೆಷನ್ ಅಂತ ಓದುತ್ತೇವಲ್ಲ, ಅದೇ ಗಾಲ್ಟನ್. ಸಿದ್ಧಾಂತದ ಬಲ ಇಲ್ಲದ ಮುನ್ಸೂಚನೆ ಬೇಡ ಅಂತ ಸಮಿತಿ ಹೇಳಿತು. 1866ರಲ್ಲಿ ಪತ್ರಿಕೆಯ ಮುನ್ಸೂಚನೆ ನಿಂತಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಕಂಬಗಳು ಖಾಲಿ.

ಆಗ ಶುರುವಾಯಿತು ನೋಡಿ. ಬಂದರುಗಳಿಂದ, ನಾವಿಕರಿಂದ ನಮಗೆ ಆ ಗುರುತು ವಾಪಸ್ ಬೇಕು ಅಂತ ಒತ್ತಾಯ. ದಿನಾ ಸಮುದ್ರಕ್ಕೆ ಇಳಿಯುವವನಿಗೆ ಹತ್ತರಲ್ಲಿ ಕೆಲವು ತಪ್ಪಾದರೂ ಪರವಾಗಿಲ್ಲ, ಉಳಿದದ್ದು ಬೇಕು. 1867ರಲ್ಲಿ ಎಚ್ಚರಿಕೆಗಳು ಮತ್ತೆ ಶುರುವಾದವು. ಸಾರ್ವಜನಿಕ ಮುನ್ಸೂಚನೆ ವಾಪಸ್ ಬರಲು 1879ರವರೆಗೆ ಕಾಯಬೇಕಾಯಿತು.

ವ್ಯವಸ್ಥೆ ಇದ್ದರೆ ಸಾಕಾ? ಸ್ಕಾಟ್ಲೆಂಡಿನಲ್ಲಿ ಐಮತ್ ಅಂತ ಒಂದು ಮೀನುಗಾರರ ಊರಿದೆ. ಅಲ್ಲಿ ಬಂದರಿನಲ್ಲೇ ಬ್ಯಾರೋಮೀಟರ್ ಇತ್ತು. 1881ರ ಅಕ್ಟೋಬರ್ 14ರ ಬೆಳಿಗ್ಗೆ ಪಾದರಸ ತುಂಬಾ ಕೆಳಗಿತ್ತು. ಎಷ್ಟೋ ದಿನದಿಂದ ಹವೆ ಸರಿಯಿಲ್ಲದೆ ದುಡಿಮೆ ಇಲ್ಲ, ಅವತ್ತು ಬೆಳಿಗ್ಗೆ ನೋಡಿದರೆ ಆಕಾಶ ತಿಳಿಯಾಗಿದೆ, ಸಮುದ್ರ ಶಾಂತ. ದೋಣಿಗಳು ಹೊರಟವು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ. ಆ ತೀರದ 189 ಮೀನುಗಾರರು ಸತ್ತರು, ಅದರಲ್ಲಿ 129 ಜನ ಐಮತ್ ಒಂದೇ ಊರಿನವರು. ಎಷ್ಟೋ ದೋಣಿಗಳು ಬಂದರಿನ ಬಾಯಲ್ಲೇ, ಹೆಂಡತಿ ಮಕ್ಕಳು ನೋಡುತ್ತಿರುವಾಗಲೇ ಮುಳುಗಿದವು. ಅವರನ್ನು ಮೂರ್ಖರು ಅಂತ ಅನ್ನೋಕೆ ನಮಗೆ ಬಾಯಿ ಬರಲ್ಲ. ಹೊಟ್ಟೆ ಒಂದು ಕಡೆ, ಗಾಜಿನ ಕೊಳವೆ ಒಂದು ಕಡೆ.

ಈ ಕತೆಯ ಇನ್ನೊಂದು ಎಳೆ ನಮ್ಮ ದೇಶದಲ್ಲಿದೆ. ಫಿಟ್ಜ್‌ರಾಯ್ ಇನ್ನೂ ಬದುಕಿದ್ದಾಗಲೇ, 1864ರ ಅಕ್ಟೋಬರ್ 5ರಂದು ಕಲ್ಕತ್ತಾಗೆ ಚಂಡಮಾರುತ ಬಡಿದು ಹೂಗ್ಲಿ ನದಿಯಲ್ಲಿ ಸಮುದ್ರ ಏರಿಬಂದು ಹತ್ತಾರು ಸಾವಿರ ಜನ ಸತ್ತರು. ಮರುವರ್ಷ, ಅವನು ಸತ್ತ 1865ರಲ್ಲೇ, ಕಲ್ಕತ್ತಾ ಬಂದರಿಗೆ ಬಿರುಗಾಳಿ ಎಚ್ಚರಿಕೆ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ನಮ್ಮ ಬಂದರುಗಳ ಎಚ್ಚರಿಕೆ ಪದ್ಧತಿಯಲ್ಲಿ ಇವತ್ತಿಗೂ 1ರಿಂದ 11ರವರೆಗೆ ಸಂಖ್ಯೆಯ ಗುರುತುಗಳಿವೆ: ಹಗಲು ಶಂಕು ಮತ್ತು ಸಿಲಿಂಡರ್, ರಾತ್ರಿ ಕೆಂಪು ಬಿಳಿ ದೀಪ. ಕರಾವಳಿಯಿಂದ ಬಂದ ಫ್ರೆಂಡ್ಸ್‌ಗೆ ಪೇಪರಿನಲ್ಲಿ ಬರುವ ಮೂರನೇ ನಂಬರ್ ಸಿಗ್ನಲ್ ಅನ್ನೋ ಮಾತು ಗೊತ್ತಿರುತ್ತದೆ. ಅದು ಫಿಟ್ಜ್‌ರಾಯ್‌ನ ಡ್ರಮ್ಮಿನ ಮೊಮ್ಮಗ.

ಕಂಬ ಈಗ ನಮ್ಮ ಜೇಬಿನಲ್ಲಿದೆ. 2023ರಲ್ಲಿ ಸರ್ಕಾರ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ಮಾಡಿದಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡಿತ್ತಲ್ಲ, ನೆನಪಿರಬಹುದು. ಅದರಲ್ಲಿ ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನಿಗೂ ಒಂದೇ ಸಲ ಹೇಳುತ್ತದೆ, ನಮ್ಮ ನಂಬರ್ ಅದಕ್ಕೆ ಬೇಕಿಲ್ಲ. ಆದರೆ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ಸ್ ಆಫ್ ಮಾಡಿಟ್ಟಿದ್ದರೆ ಬರದೆ ಹೋಗಬಹುದು. ಆ ಸದ್ದು ಕೇಳಿದ ದಿನ ನಮ್ಮಲ್ಲಿ ತುಂಬ ಜನ ಮೊದಲು ಹುಡುಕಿದ್ದು ಇದನ್ನು ಆಫ್ ಮಾಡೋದು ಹೇಗೆ ಅಂತಲೇ. ಇನ್ನು ನಾವೇ ಹೋಗಿ ಸೇರಿಕೊಳ್ಳಬೇಕಾದವು ಬೇರೆ ಇವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್‌ನಲ್ಲಿ ಜಾಗ ಆರಿಸಿಕೊಂಡರೆ ಆ ಜಾಗದ ಮಳೆ, ಪ್ರವಾಹ, ಸಿಡಿಲು ಎಲ್ಲದರ ಎಚ್ಚರಿಕೆ ಬರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ 20 ಮತ್ತು 40 ಕಿಲೋಮೀಟರ್ ಸುತ್ತಳತೆಯಲ್ಲಿ ಸಿಡಿಲು ಇದ್ದರೆ ತಿಳಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿನ ಯಲಹಂಕದಲ್ಲಿದೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಮ್ಮೂರಿನ ಮಳೆ ಹೇಗೆ ಅಂತ ಕನ್ನಡದಲ್ಲೇ ಕೇಳಬಹುದು.

ಹಾಸ್ಟೆಲಿನಲ್ಲಿ ಇರುವವರಿಗೆ ಒಂದು ಮಾತು. ಲೊಕೇಶನ್ ಅನುಮತಿ ಕೊಟ್ಟರೆ ಆ್ಯಪ್‌ಗೆ ಗೊತ್ತಾಗೋದು ಹಾಸ್ಟೆಲ್ ಜಾಗ ಮಾತ್ರ. ಹೊಳೆ ಪಕ್ಕದ ತೋಟ, ಗುಡ್ಡದ ಕೆಳಗಿನ ಮನೆ, ಸಂಜೆ ಹೊತ್ತು ಬಯಲಲ್ಲಿ ದನ ಹೊಡೆದುಕೊಂಡು ಬರುವ ಅಪ್ಪ, ಇವೆಲ್ಲ ಇರುವುದು ಊರಲ್ಲಿ. ಊರಿನ ಜಿಲ್ಲೆಯನ್ನೂ ಸೇರಿಸಿಕೊಳ್ಳಬೇಕು. ದಸರಾ ರಜೆಗೆ ಹೋದಾಗ ಅಮ್ಮನ ಫೋನಿನಲ್ಲೂ ಹಾಕಿ, ಭಾಷೆ ಕನ್ನಡಕ್ಕೆ ಬದಲಿಸಿ, ಸಿಡಿಲಿನ ಅಲರ್ಟ್ ಬಂದರೆ ಮರದ ಕೆಳಗೆ ನಿಲ್ಲಬಾರದು ಅಂತ ಹೇಳಿ ಬರೋದು ಹತ್ತು ನಿಮಿಷದ ಕೆಲಸ.

ಫಿಟ್ಜ್‌ರಾಯ್ ಸಮಾಧಿ ಅಪ್ಪರ್ ನಾರ್‌ವುಡ್‌ನ ಚರ್ಚ್ ಅಂಗಳದಲ್ಲಿದೆ. ಪಟಗೋನಿಯಾದಲ್ಲಿ ಒಂದು ಚೂಪಾದ ಪರ್ವತಕ್ಕೆ ಅವನ ಹೆಸರಿದೆ, ಅದರ ಫೋಟೋ ಎಷ್ಟೋ ಜನರ ಲ್ಯಾಪ್‌ಟಾಪ್ ವಾಲ್‌ಪೇಪರ್ ಆಗಿರುತ್ತದೆ, ಹೆಸರು ಗೊತ್ತಿರಲ್ಲ ಅಷ್ಟೇ. ಬ್ರಿಟನ್ ಸುತ್ತಲಿನ ಸಮುದ್ರವನ್ನು ಭಾಗ ಭಾಗ ಮಾಡಿ ಪ್ರತಿ ಭಾಗದ ಗಾಳಿ ಹೇಗಿದೆ ಅಂತ ಬಿಬಿಸಿ ರೇಡಿಯೋದಲ್ಲಿ ಪ್ರತಿದಿನ ಓದುತ್ತಾರೆ. ಆ ಭಾಗಗಳಲ್ಲಿ ಸ್ಪೇನ್ ಹತ್ತಿರದ ಒಂದಕ್ಕೆ ಫಿನಿಸ್ಟೇರ್ ಅಂತ ಹೆಸರಿತ್ತು. 2002ರ ಫೆಬ್ರವರಿಯಲ್ಲಿ ಅದನ್ನು ಬದಲಿಸಿ ಫಿಟ್ಜ್‌ರಾಯ್ ಅಂತ ಇಟ್ಟರು. ಆ ಸಮುದ್ರದಲ್ಲಿ ಬಿರುಗಾಳಿ ಏಳುವ ಲಕ್ಷಣ ಕಂಡರೆ ಈಗ ರೇಡಿಯೋದಲ್ಲಿ ಮೊದಲು ಅವನ ಹೆಸರು ಕೇಳಿಸುತ್ತದೆ, ಆಮೇಲೆ ಗಾಳಿಯ ಅಂಕಿ.